ಮುಕ್ಕಾಲು ಮದ್ದು

ನನ್ನ ಗಂಡ ಡೆಲ್ಮರ್ ಗುರಿ ತಪ್ಪುವವನೇ ಅಲ್ಲ. ತಪ್ಪುವುದೇನಿದ್ದರೂ ಗುಂಡು. ಒಂದು ವರ್ಷ ಅದು ತೀರಾ ಹಗುರ, ಇನ್ನೊಂದು ವರ್ಷ ತೀರಾ ಭಾರ, ಮತ್ತೊಂದು ವರ್ಷ ಗಾಳಿ ಕಂಡರೆ ಹೆದರುವ ಜಾತಿ. ಹೀಗೆ ಅವನಿಂದ ಬೈಸಿಕೊಂಡ ಗುಂಡಿನ ಡಬ್ಬಿಗಳು ನಮ್ಮ ಗ್ಯಾರೇಜಿನ ಕಪಾಟಿನಲ್ಲಿ ಉಪ್ಪಿನಕಾಯಿ ಜಾಡಿಗಳಂತೆ ಸಾಲಾಗಿ ಕೂತಿವೆ. ಅವುಗಳ ಧೂಳು ಒರೆಸುವವಳು ನಾನು. ತೋಟಾ ತುಂಬುವವಳೂ ನಾನೇ.

ನಮ್ಮ ಲೆಮ್‌ಹೈ ಕಣಿವೆಯಲ್ಲಿ ಮನೆಯಲ್ಲೇ ತೋಟಾ ತುಂಬಿಕೊಳ್ಳುವುದು ಹೊಸತೇನಲ್ಲ. ಹಾರಿಸಿ ಉಳಿದ ಹಿತ್ತಾಳೆ ಚಿಪ್ಪನ್ನು ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕ್ಯಾಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿದರೆ ಆಯಿತು. ಡೆಲ್ಮರ್‌ಗೆ ಮದ್ದು ತೂಗುವ ತಾಳ್ಮೆಯಿಲ್ಲ. ಅವನು ತೂಗಿದ ಮದ್ದಿನ ಪಕ್ಕ ನಿಲ್ಲುವ ಧೈರ್ಯ ನನಗಿಲ್ಲ. ಹಾಗಾಗಿ ಮದುವೆಯಾದ ವರ್ಷವೇ ಆ ಕೆಲಸ ನನ್ನ ತಲೆಗೆ ಬಂತು.

ಅಸಲಿ ತೊಂದರೆ ಇದ್ದದ್ದು ಅವನ ಕೋವಿಯಲ್ಲಿ. ಡೆಲ್ಮರ್ ಮತ್ತು ಅವನ ತಮ್ಮ ಲೈಲ್ ಇಬ್ಬರದೂ ಮುನ್ನೂರ ಮೂವತ್ತೆಂಟರ ಮ್ಯಾಗ್ನಮ್ ಎಂಬ ಭಾರಿ ಕೋವಿ. ಕುದುರೆಯಷ್ಟು ದೊಡ್ಡ ಜಿಂಕೆಯಾದ ಎಲ್ಕ್‌ನ ಬೇಟೆಗೆ ಅದಕ್ಕಿಂತ ಸಣ್ಣದು ಹಿಡಿದವನು ಗಂಡಸೇ ಅಲ್ಲ ಎಂಬುದು ಅವರಪ್ಪ ಬಿಟ್ಟುಹೋದ ಆಸ್ತಿ. ಆ ಕೋವಿ ಒದ್ದರೆ ಹೇಸರಗತ್ತೆ ನಾಚಬೇಕು. ಲೈಲ್‌ನ ಹುಬ್ಬಿನ ಮೇಲೆ ಕೋವಿಯ ದುರ್ಬೀನು ಬಡಿದ ಅರ್ಧಚಂದ್ರದ ಗಾಯ ಪ್ರತಿ ವರ್ಷ ಹೊಸದಾಗುತ್ತದೆ, ಅವನು ಅದನ್ನು ಪದಕದಂತೆ ಹೊತ್ತು ತಿರುಗುತ್ತಾನೆ. ನಾನು ಹಿಡಿಯುವ ಇನ್ನೂರ ಎಪ್ಪತ್ತರ ಕೋವಿಗೆ ಅವನಿಟ್ಟ ಹೆಸರು ಹೊಲಿಗೆ ಮಿಷನ್ನು. ಆ ಹೊಲಿಗೆ ಮಿಷನ್ನು ಹೊಡೆದ ಮಾಂಸವನ್ನು ಎರಡೆರಡು ಸಲ ಬಡಿಸಿಕೊಳ್ಳುವಾಗ ಮಾತ್ರ ಅವನ ಬಾಯಿ ಬೇರೆ ಕೆಲಸದಲ್ಲಿರುತ್ತದೆ.

ಡೆಲ್ಮರ್ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಬರಲಿರುವ ಒದೆತ ನೆನೆದು ಅವನ ಹೆಗಲು ತಾನಾಗಿಯೇ ಹಿಂದೆ ಸರಿಯುತ್ತದೆ. ಇದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಹೋದ ವರ್ಷ ಅವನ ಈಡು ಒಂದು ದೊಡ್ಡ ಗಂಡು ಎಲ್ಕ್‌ನ ಹಿಂಭಾಗಕ್ಕೆ ಬಿತ್ತು. ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೂ ಅಲೆದೆವು. ಆಮೇಲೆ ಹಿಮ ಬಿದ್ದು ಜಾಡೂ ಮುಚ್ಚಿಹೋಯಿತು. ಮರುದಿನವೂ ಹುಡುಕಿದೆವು, ಸಿಗಲಿಲ್ಲ. ಮನೆಗೆ ಬಂದವನು ವಾರವಿಡೀ ತಟ್ಟೆಯಲ್ಲಿ ಚಮಚ ಆಡಿಸಿದ. ಕೊನೆಗೆ ಮಾತು ಹೊರಬಂದಾಗ, "ತಾಮ್ರದ ಗುಂಡು ನೋಡು, ಮೈಯೊಳಗೆ ಹೋಗಿ ಅರಳಲೇ ಇಲ್ಲ" ಎಂದ. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ.

"ಅರ್ಡಿತ್, ಇನ್ನೊಂದು ಪ್ರಾಣೀನ ಹಂಗೆ ಗಾಯ ಮಾಡಿ ಕಳ್ಕೊಂಡ್ರೆ ಕೋವಿ ಮಾರಿಬಿಡ್ತೀನಿ. ಆಮೇಲೆ ಬೆಟ್ಟದ ಕಡೆ ತಲೆ ಹಾಕಲ್ಲ."

ಅವನು ತಮಾಷೆಗೆ ಹೇಳಿದ್ದಲ್ಲ. ನನಗೆ ನಿಜವಾಗಿ ಭಯವಾಯಿತು. ಬೆಟ್ಟ ಬಿಟ್ಟ ಡೆಲ್ಮರ್ ಅರ್ಧ ಡೆಲ್ಮರ್, ಆ ಅರ್ಧವೂ ದಿನವಿಡೀ ನನ್ನ ಅಡುಗೆಮನೆಯಲ್ಲಿ ಕೂತು ನಾನು ಈರುಳ್ಳಿ ಹೆಚ್ಚುವ ರೀತಿ ಸರಿಯಿಲ್ಲ ಎನ್ನುತ್ತದೆ.

ಬೇಸಿಗೆಯಿಡೀ ಅಣ್ಣತಮ್ಮಂದಿರು ನನ್ನ ಮೇಜಿನ ಎರಡು ತುದಿಗೆ ಕೂತು, ನನ್ನದೇ ಕಾಫಿ ಕುಡಿಯುತ್ತ, ಗುಂಡಿನ ಆಯ್ಕೆ ನಡೆಸಿದರು.

"ಇನ್ನೂ ಭಾರದ್ದು ಹಾಕ್ಸು" ಎಂದ ಲೈಲ್. "ಎಲ್ಲಿ ಬಿದ್ರೂ ಎಲ್ಕ್ ಅಲ್ಲೇ ಕೂತ್ಕೋಬೇಕು."

"ಸರಿಯಾದ ಜಾಗಕ್ಕೆ ಬಿದ್ರೆ ಎಲ್ಲಾ ಗುಂಡಿಗೂ ಕೂತ್ಕೊಳುತ್ತೆ" ಎಂದೆ.

"ಹೊಲಿಗೆ ಮಿಷನ್ನಿನವ್ರು ಮಧ್ಯ ಮಾತಾಡ್ಬಾರ್ದು."

ನಾನು ಅವನ ಮುಂದಿದ್ದ ಆಪಲ್ ಪೈ ಎತ್ತಿ ಒಳಗಿಟ್ಟೆ. ಅವತ್ತೇ ನಿರ್ಧಾರವನ್ನೂ ಮಾಡಿದೆ: ಡೆಲ್ಮರ್‌ಗೆ ಒದೆತ ಕಮ್ಮಿಯಿರುವ ತೋಟಾ, ಅದೂ ಅವನಿಗೆ ತಿಳಿಯದಂತೆ.

ಮ್ಯಾಗ್ನಮ್ ಚಿಪ್ಪಿಗೆ ಮಾಮೂಲು ಮದ್ದನ್ನೇ ಕಮ್ಮಿ ಸುರಿದರೆ ಕೋವಿ ಸಿಡಿದು ಮುಖಕ್ಕೇ ಬರಬಹುದು. ಮೆತ್ತಗಿನ ತೋಟಾಕ್ಕೆಂದೇ ಬೇರೆ ಮದ್ದಿದೆ, ಅದರ ಲೆಕ್ಕವನ್ನು ಮದ್ದು ಮಾಡುವವರೇ ಅಚ್ಚು ಹಾಕಿಸಿದ್ದಾರೆ. ಅದನ್ನು ತಂದು ಅವರು ಹೇಳಿದಷ್ಟೇ ತೂಗಿದೆ. ನಿಧಾನವಾಗಿ ಹೋಗುವ ಗುಂಡು ಮೈಯೊಳಗೆ ಅರಳಬೇಕಾದರೆ ಮೂತಿ ಮೆತ್ತಗಿರಬೇಕು. ಹಾಗಾಗಿ ಹಳೆಯ ಕಾಲದ ಸೀಸದ ಮೂತಿಯ ಗುಂಡನ್ನೇ ಆರಿಸಿದೆ. ತಾಮ್ರದ ಮೇಲೆ ಮುನಿಸಿಕೊಂಡಿದ್ದ ಡೆಲ್ಮರ್ ಅದಕ್ಕೆ ತಕರಾರು ತೆಗೆಯಲಿಲ್ಲ. ಮದ್ದಿನ ವಿಷಯ ನಾನು ಬಾಯಿಬಿಡಲಿಲ್ಲ.

ಗುರಿ ಹೊಂದಿಸಲು ಗುಂಡು ಹಾರಿಸುವ ಮೈದಾನಕ್ಕೆ ಹೋದೆವು. ಮೊದಲ ಈಡು ಹಾರಿಸಿ ಡೆಲ್ಮರ್ ಸ್ವಲ್ಪ ಹೊತ್ತು ಕೋವಿಯನ್ನೇ ನೋಡುತ್ತ ಕೂತ. ಆಮೇಲೆ ಮತ್ತೆ ಹಾರಿಸಿದ, ಮತ್ತೆ ಮತ್ತೆ ಹಾರಿಸಿದ. ಕಾಗದದ ಮೇಲಿನ ತೂತುಗಳೆಲ್ಲ ಒಂದು ಬಿಸ್ಕತ್ತಿನ ಅಗಲದಲ್ಲಿದ್ದವು.

"ಗುಂಡು ಅಂದ್ರೆ ಇದು" ಎಂದ. ಪಕ್ಕದ ಮೇಜಿನವರಿಗೂ ಕೇಳಿಸುವಂತೆ ಎಂದ.

ಅಕ್ಟೋಬರ್‌ನಲ್ಲಿ ಬೆಟ್ಟ ಹತ್ತಿದೆವು. ಲೈಲ್ ಪಕ್ಕದ ದಿಣ್ಣೆ ಹಿಡಿದ, ನಾವಿಬ್ಬರು ಕೊಳ್ಳದ ಕಡೆ ನಡೆದೆವು. ಬೆಳಕು ಹರಿಯುವಾಗ ಎದುರು ಇಳಿಜಾರಿನಲ್ಲಿ ಹಿಂಡು ಕಾಣಿಸಿತು, ಅದರ ಹಿಂದೆ ಒಂದು ಗಂಡು. ಮುನ್ನೂರೈವತ್ತು ಗಜಕ್ಕೆ ಏನೂ ಕಮ್ಮಿಯಿಲ್ಲ. ಡೆಲ್ಮರ್ ಚೀಲದ ಮೇಲೆ ಕೋವಿಯಿಟ್ಟು ಮಲಗಿದ.

ಪೂರ್ತಿ ಮದ್ದಿನ ಮ್ಯಾಗ್ನಮ್‌ಗೆ ಅಷ್ಟು ದೂರ ಏನೂ ಅಲ್ಲ. ನನ್ನ ತೋಟಾದ ಗುಂಡು ಮಾತ್ರ ಅಲ್ಲಿಗೆ ತಲುಪುವಷ್ಟರಲ್ಲಿ ಸುಸ್ತಾಗಿ ತೀರಾ ಕೆಳಗಿಳಿದಿರುತ್ತದೆ. ಎದೆಗೆ ಗುರಿಯಿಟ್ಟರೆ ಕಾಲು ಮುರಿಯುತ್ತದೆ. ಮತ್ತೆ ರಕ್ತದ ಜಾಡು, ಆಮೇಲೆ ಕೋವಿ ಮಾರಾಟ, ಎಲ್ಲಕ್ಕೂ ಕಾರಣ ನಾನು.

"ಡೆಲ್ಮರ್, ಹತ್ರ ಹೋಗೋಣ."

"ಯಾಕೆ?"

"ಗಾಳಿ ಸರಿಯಿಲ್ಲ."

"ಗಾಳಿ ಎಲ್ಲಿದೆ?"

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹೇಳದೆ ಬೇರೆ ದಾರಿ ಇರಲಿಲ್ಲ. "ನೋಡು, ಆ ತೋಟಾ ಇದೆಯಲ್ಲ..." ಎಂದು ಶುರು ಮಾಡಿದೆ.

ಅವನು ದುರ್ಬೀನಿನಿಂದ ಕಣ್ಣು ತೆಗೆಯದೆ, "ಎಷ್ಟು ದೂರ ಹೋಗುತ್ತೆ? ಅದಷ್ಟೇ ಹೇಳು" ಎಂದ.

"ಇನ್ನೂರು ಗಜ. ಅದರಾಚೆಗೆ ನಾನು ಜವಾಬ್ದಾರಳಲ್ಲ."

"ಹಂಗಾದ್ರೆ ಏಳು. ಮಂಡಿ ಸದ್ದು ಮಾಡಿಸ್ಬೇಡ."

ಕೊಳ್ಳಕ್ಕೆ ಇಳಿದು ಪೊದೆಗಳ ಮರೆಯಲ್ಲಿ ತೆವಳಿದೆವು. ಸದ್ದು ಮಾಡಿದ್ದು ಅವನ ಮಂಡಿಯೇ. ಉಸಿರು ಸುಧಾರಿಸಿಕೊಳ್ಳಲು ನಿಂತಾಗ ಪಿಸುಗುಟ್ಟಿದೆ. "ಯಾವಾಗ ಗೊತ್ತಾಯ್ತು?"

"ಮೊದಲ್ನೇ ಈಡಿಗೇ. ಮೂವತ್ತು ವರ್ಷ ಒದೆಸ್ಕೊಂಡಿರೋ ಹೆಗಲು ಕಣೇ ಇದು."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಒಪ್ಕೋತಿದ್ದೆ. ನೀನು ಒಪ್ಕೊಂಡ್ಮೇಲೆ ನಾನು ಪೂರ್ತಿ ಮದ್ದು ಹಾಕು ಅನ್ಬೇಕಾಗಿತ್ತು."

ಅವನು ಗುರಿ ಹಿಡಿದಾಗ ನಾನು ಎಲ್ಕ್ ನೋಡಲಿಲ್ಲ, ಅವನ ಕಣ್ಣು ನೋಡಿದೆ. ಈಡು ಹಾರಿತು. ಕಣ್ಣು ತೆರೆದೇ ಇತ್ತು. ಎಲ್ಕ್ ನಾಲ್ಕು ಹೆಜ್ಜೆ ನಡೆದು ಬಿದ್ದು ಮತ್ತೆ ಅಲುಗಲಿಲ್ಲ. ಡೆಲ್ಮರ್ ಅದರ ಬಳಿ ಹೋಗಿ ಟೋಪಿ ತೆಗೆದು ಬಹಳ ಹೊತ್ತು ನಿಂತ. ಆಗ ಅವನ ಮೇಲೆ ನನಗೆ ಉಕ್ಕಿ ಬಂದ ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಹೇಳುವುದಕ್ಕೆ ಪುರಸೊತ್ತಾಗಲಿಲ್ಲ, ಕತ್ತಿ ತೆಗಿ ಎಂದ.

ಅವತ್ತು ಬಿಡಾರದಲ್ಲಿ ಎಲ್ಕ್‌ನ ಲಿವರ್ ಮತ್ತು ಈರುಳ್ಳಿ ಹುರಿಯುವಾಗ ಲೈಲ್ ಕಣ್ಣರಳಿಸಿ, "ಒಂದೇ ಈಡು. ಮ್ಯಾಗ್ನಮ್ ಅಂದ್ರೆ ಮ್ಯಾಗ್ನಮ್" ಎಂದ.

"ಅದಕ್ಕಿಂತ ಸಣ್ಣದು ಎಲ್ಕ್‌ಗೆ ನಡೆಯಲ್ಲ" ಎಂದ ನನ್ನ ಗಂಡ, ಗಂಭೀರವಾಗಿ. ನಾನು ಬಾಣಲೆ ನೋಡುತ್ತ ಕೂತೆ.

ಮುಂದಿನ ವಾರ ಡೆಲ್ಮರ್ ಪೇಟೆಗೆ ಹೋಗಿದ್ದಾಗ ಲೈಲ್ ಗ್ಯಾರೇಜಿಗೆ ಬಂದ. ಹುಬ್ಬಿನ ಮೇಲೆ ಹೊಸ ಗಾಯವಿತ್ತು, ಕೈಯಲ್ಲಿ ಖಾಲಿ ಚಿಪ್ಪುಗಳ ಚೀಲ.

"ಇವನ್ನೂ ತುಂಬಿಕೊಡು. ಡೆಲ್ಮರ್‌ಗೆ ತುಂಬಿದ್ಯಲ್ಲ, ಹಂಗೆ."

"ಹೆಂಗೆ?"

"ನಾನು ಪಕ್ಕದ ದಿಣ್ಣೇಲೇ ಇದ್ದೆ, ಅರ್ಡಿತ್. ಸದ್ದು ಕೇಳಿಸ್ಕೊಂಡೆ. ನನ್ನ ಕೋವಿ ಅಷ್ಟು ಮೆತ್ತಗೆ ಯಾವತ್ತೂ ಕೂಗಿಲ್ಲ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅವನಿಗೆ ಮಾತ್ರ ಗೊತ್ತಾಗ್ಬಾರ್ದು."

ನಾನು ಗೋಡೆಗೆ ನೇತುಹಾಕಿದ್ದ ನನ್ನ ಇನ್ನೂರ ಎಪ್ಪತ್ತನ್ನು ತೋರಿಸಿದೆ. "ಅದೇನು, ಲೈಲ್?"

ಅವನು ಕಾಲು ಬದಲಿಸಿದ. ಹುಬ್ಬು ಮುಟ್ಟಿಕೊಂಡ.

"ಕೋವಿ" ಎಂದ.

"ಕೇಳಿಸ್ಲಿಲ್ಲ."

"ಒಳ್ಳೇ ಕೋವಿ."

ನಾನು ಚೀಲ ತೆಗೆದುಕೊಂಡು ತಕ್ಕಡಿ ಕೆಳಗಿಳಿಸಿದೆ.