ಮಾರ್ಜರಿಯ ಲೀಕಿಗೆ ಏನು ಗೊಬ್ಬರ?

ಶುಕ್ರವಾರ ಸಂಜೆ ಟೀವಿಯ ತೋಟಗಾರಿಕೆ ಕಾರ್ಯಕ್ರಮದಲ್ಲಿ ಮಾರ್ಜರಿ ಹೆಪಲ್ ಬರುತ್ತಾಳೆಂದು ಗಣಿಗಾರರ ಕ್ಲಬ್ಬಿನಲ್ಲಿ ಕುರ್ಚಿ ಸಾಲಲಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಥಾರ್ನ್‌ಹೋಪ್ ಊರಿನ ಕ್ಲಬ್ಬಿಗೆ ಅದೇ ಹೆಸರು, ಸೆಪ್ಟೆಂಬರಿನ ಲೀಕ್ ಸ್ಪರ್ಧೆಯೇ ಊರಿನ ಮರ್ಯಾದೆ. ಈರುಳ್ಳಿಯ ದಾಯಾದಿ ಲೀಕು ಬೇರೆ ಕಡೆ ಸೂಪಿಗೆ ಬೀಳುವ ಬಡಪಾಯಿ ಇರಬಹುದು. ಇಲ್ಲಿ ಅದು ಗಂಡಸಿನ ತೋಳಿಗಿಂತ ದಪ್ಪ ಬೆಳೆಯದಿದ್ದರೆ ಬೆಳೆಸಿದವನು ತಲೆಯೆತ್ತಿ ತಿರುಗುವ ಹಾಗಿಲ್ಲ.

ಮಾರ್ಜರಿ ನಾಲ್ಕು ಸಲ ಗೆದ್ದವಳು. ನಾಲ್ಕು ಸಲವೂ ಜನ ಚಪ್ಪಾಳೆ ತಟ್ಟಿದ್ದು ಮಾತ್ರ ತೀರಿಹೋದ ಅವಳ ಅಪ್ಪನಿಗೆ. ಮುದುಕ ಯಾವುದೋ ಕಷಾಯದ ಗುಟ್ಟನ್ನು ಮಗಳ ಕಿವಿಯಲ್ಲಿ ಊದಿ ಕಣ್ಣು ಮುಚ್ಚಿದ, ಇವಳು ಸುರಿಯುತ್ತಾಳೆ, ಲೀಕು ತಾನಾಗಿ ಉಬ್ಬುತ್ತದೆ ಎಂಬುದು ಊರಿನ ತೀರ್ಮಾನ. ಬಿಯರು, ಕಂದು ಸಕ್ಕರೆ, ಕುದುರೆ ರಕ್ತ, ಏನೇನೋ ಹೆಸರು ಓಡಾಡಿದ್ದವು. ಈ ಮಾತನ್ನು ದೇಶದ ಮುಂದೆ ಮುಗಿಸಿಬಿಡಬೇಕೆಂದೇ ಅವಳು ಟೀವಿಯವರಿಗೆ ಹೂಂ ಎಂದದ್ದು.

ಮೊದಲೇ ಚಿತ್ರೀಕರಿಸಿದ್ದ ಆ ಮಾತುಕತೆ ನೋಡಲು ಅವಳೂ ಕ್ಲಬ್ಬಿನಲ್ಲೇ ಕೂತಿದ್ದಳು. ತೆರೆಯ ಮೇಲೆ ನಿರೂಪಕಿ ಕೇಳಿದಳು: "ನಿಮ್ಮ ಗುಟ್ಟೇನು, ಮಿಸೆಸ್ ಹೆಪಲ್?"

"ಗುಟ್ಟೂ ಇಲ್ಲ ಮಣ್ಣೂ ಇಲ್ಲ. ಮಳೆನೀರು, ಕುರಿ ಹಿಕ್ಕೆ ನೆನೆಸಿದ ನೀರು. ದಿನಾ ಬೆಳಗ್ಗೆ ಮಂಡಿಯೂರಿ ಒಂದೊಂದು ಎಲೆನೂ ಒರೆಸಿ ಹುಳ ತೆಗೀತೀನಿ. ಅಷ್ಟೇ."

ಕ್ಲಬ್ಬಿನಲ್ಲಿ ನಗೆಯ ಭೂಕಂಪವಾಯಿತು. ಪಕ್ಕದ ತೋಟದ ಕಡ್ಡಿ ರಾಬ್ಸನ್, ಪ್ರತಿ ವರ್ಷ ಎರಡನೇ ಬಹುಮಾನ ಹೊರುವವನು, ಮೇಜು ಗುದ್ದಿದ.

"ಭಲೇ ಮಾರ್ಜಿ! ಇಡೀ ದೇಶಕ್ಕೇ ಟೋಪಿ ಹಾಕ್ಬಿಟ್ಟೆಯಲ್ಲೇ! ಕುರಿ ಹಿಕ್ಕೆಯಂತೆ! ನಿಮ್ಮಪ್ಪ ಇದ್ದಿದ್ರೆ ಬೆನ್ನು ತಟ್ತಿದ್ದ!"

ಮತ್ತೆ ಅಪ್ಪ! ಮಾರ್ಜರಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

"ಕಡ್ಡಿ, ನಾಳೆ ಬೆಳಗ್ಗೆ ಐದಕ್ಕೆ ನನ್ನ ತೋಟಕ್ಕೆ ಬಾ. ಗಂಡಸಾದ್ರೆ ದಿನಾ ಬಾ."

ತನ್ನ ಲೀಕಿನ ಹತ್ತಿರ ಪ್ರತಿಸ್ಪರ್ಧಿಯನ್ನು ಬಿಟ್ಟುಕೊಳ್ಳುವವರು ಆ ಊರಿನಲ್ಲಿ ಇಲ್ಲವೇ ಇಲ್ಲ. ಕಡ್ಡಿ ಬಂದ. ಮೊದಲ ದಿನ ಶೆಡ್ಡಿನ ಡಬ್ಬಿಗಳನ್ನೆಲ್ಲ ಮೂಸಿದ. ಹಿಕ್ಕೆಯ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ ಪುಣ್ಯಾತ್ಮ, ಆಮೇಲೆ ಅರ್ಧ ಗಂಟೆ ಉಗಿದ. ಎರಡನೇ ದಿನ ಅವಳ ಪಕ್ಕ ಮಂಡಿಯೂರಿ ಎಲೆ ಒರೆಸಿದ. ನಾಲ್ಕನೇ ದಿನ ಗೋಡೆ ಹಿಡಿದುಕೊಂಡು ಎದ್ದ. ಐದನೇ ದಿನ ಹೋದವನು ಮತ್ತೆ ಬರಲಿಲ್ಲ. ಕ್ಲಬ್ಬಿನಲ್ಲಿ ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಕಷಾಯ ಸಿಕ್ಕಿದೆ, ಬಚ್ಚಿಟ್ಟುಕೊಂಡಿದ್ದಾನೆ ಎಂದು ಜನ ಕಣ್ಣು ಮಿಟುಕಿಸಿದರು. ಮಾರ್ಜರಿ ಕೈಚೆಲ್ಲಿದಳು.

ಎರಡು ವಾರ ಕಳೆದು ಅದೇ ಕಾರ್ಯಕ್ರಮದಲ್ಲಿ ನಿರೂಪಕಿ ವೀಕ್ಷಕರ ಪತ್ರಗಳನ್ನು ಓದಿದಳು. ಕೆಂಟ್ ಕಡೆಯ ಹೆಂಗಸೊಬ್ಬಳು, ಲೀಕಿನ ಆಯಮ್ಮ ಹಸಿ ಸುಳ್ಳು ಹೇಳುತ್ತಾಳೆಂದು ಬರೆದಿದ್ದಳು. ಕ್ಲಬ್ಬಿನಲ್ಲಿ, ಮಾರ್ಜರಿಯ ಎದುರೇ, ಮತ್ತೆ ನಗು.

"ಇನ್ನೊಂದು ಪತ್ರ ಥಾರ್ನ್‌ಹೋಪಿನ ಕತ್‌ಬರ್ಟ್ ರಾಬ್ಸನ್ ಅವರದು," ಎಂದಳು ನಿರೂಪಕಿ. ಕಡ್ಡಿ ಗ್ಲಾಸಿನೊಳಗೆ ಮುಖ ಹುದುಗಿಸಿದ.

"'ಮೂವತ್ತು ವರ್ಷ ಗಣಿಯಲ್ಲಿ ಮಂಡಿಯೂರಿ ಕಲ್ಲಿದ್ದಲು ಕಡಿದವನು ನಾನು. ಆ ಹೆಂಗಸಿನ ಪಕ್ಕ ಐದು ದಿನ ಮಂಡಿಯೂರಲು ನನ್ನಿಂದ ಆಗಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ಅವಳಪ್ಪನ ಲೀಕನ್ನೂ ನೋಡಿದ್ದೇನೆ. ಒಳ್ಳೆಯ ಲೀಕೇ, ಆದರೆ ಮಗಳದ್ದರ ಮುಂದೆ ಇಟ್ಟರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಷ್ಟು ವರ್ಷ ನಾನು ಸೋತದ್ದು ಅವಳಿಗೆ.'"

ಎಲ್ಲರೂ ಕಡ್ಡಿಯನ್ನು ನೋಡಿದರು.

"ಏನ್ ನೋಡ್ತೀರೋ ನನ್ನ?" ಎಂದು ಅವನು ರೇಗಿದ. "ಅವಳನ್ನ ನೋಡ್ರೋ!"

ನೋಡಿದರು. ಒಬ್ಬ ಎದ್ದು ಚಪ್ಪಾಳೆ ತಟ್ಟಿದ, ಆಮೇಲೆ ಕ್ಲಬ್ಬೆಲ್ಲ ಎದ್ದಿತು. ಮಾರ್ಜರಿಗೆ ಎದೆ ತುಂಬಿ ಬಂತು. ನಾಚಿ ತಲೆ ತಗ್ಗಿಸುವ ಜಾತಿಯಲ್ಲ ಅವಳು. ಕಣ್ಣು ಒರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಸದ್ದು ನಿಲ್ಲುವವರೆಗೂ ಕೇಳಿಸಿಕೊಂಡಳು.

"ಇನ್ನೊಂದ್ಸಲ ತಟ್ರೋ," ಎಂದಳು. "ನಾಲ್ಕು ವರ್ಷದ್ದು ಬಾಕಿಯಿದೆ."