ಮೌಸ್ ಮುಟ್ಟಿದರೆ ಯಾರಾದರೂ ಸಾಯುತ್ತಾರಾ

ಉಪ್ಪಿನ ರಾಣಿಯ ಬಾಗಿಲ ಮುಂದೆ ಕಾಮೋಟ್ ಎರಡು ದಿನದಿಂದ ಕದಲದೆ ನಿಂತಿದ್ದಳು. ಕಾಮೋಟ್ ಎಂದರೆ ನೀಸಾ ಆಡಿಸುವ ಕಂಪ್ಯೂಟರ್ ಆಟದ ಯೋಧೆ. ಅವಳ ಊರಾದ ಇಲೊಯಿಲೊ ಕಡೆಯ ಮಾತಿನಲ್ಲಿ ಆ ಹೆಸರಿಗೆ ಕೈ ಎಂದು ಅರ್ಥ. ಬಾಗಿಲು ನೂಕಿ ಒಳಗೆ ಹೋಗಿ ರಾಣಿಯನ್ನು ಕೊಂದರೆ ಆಟ ಮುಗಿದಂತೆ. ನೀಸಾ ಹೋಗಲಿಲ್ಲ. ಅದೇ ಅಂಗಡಿಯಲ್ಲಿ ಅದೇ ಆಟ ಆಡುವ ರೊಡೆಲ್ ಮೊದಲು ಹೋಗಲಿ ಎಂದು ಕಾದು ಕೂತಿದ್ದಳು.

"ಹೆದರಿಕೊಂಡಿದ್ದಾಳೆ ಪಾಪ," ಎಂದು ರೊಡೆಲ್ ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ. ಅವನ ನಾಲಿಗೆಗೆ ಮೂಳೆ ಇಲ್ಲದಿರಲಿ, ಬಿಡುವಾದರೂ ಬೇಡವೇ?

ಅಂಗಡಿ ನಾಂಗ್ ಪಾಸಿಂಗ್, ಅಂದರೆ ಪಾಸಿಂಗ್ ಅಕ್ಕ ಎಂಬ ಹಿರಿಯ ಹೆಂಗಸಿನದು. ಹನ್ನೆರಡು ಕಂಪ್ಯೂಟರು, ಮೂರು ಫ್ಯಾನು, ಬಾಗಿಲ ಬಳಿ ಸದಾ ಕುದಿಯುವ ಬಾಚೊಯ್ ಸಾರಿನ ಪಾತ್ರೆ. ಒಂದು ಮೂಲೆಯಲ್ಲಿ ನೀಸಾಳ ರಿಪೇರಿ ಮೇಜು. ಸವೆದ ಗುಂಡಿ, ಸಡಿಲವಾದ ಕಡ್ಡಿ, ಸತ್ತ ತಂತಿ, ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಯಾರದು ಕೆಟ್ಟರೂ ಅವಳ ಮುಂದೆ ಬಂದು ಬೀಳುತ್ತಿತ್ತು. ಆರು ವರ್ಷದ ಹಿಂದೆ ಮೀನು ಬಂದರಿನಲ್ಲಿ ಐಸ್ ಪುಡಿ ಮಾಡುವ ಯಂತ್ರ ಅವಳ ಬಲಗೈಯ ನಡುವಿನ ಮೂರು ಬೆರಳು ತಿಂದಿತ್ತು. ಉಳಿದ ಹೆಬ್ಬೆರಳು, ಕಿರುಬೆರಳಲ್ಲಿ ಮೌಸ್ ಹಿಡಿಯಲಾಗದು. ಅದಕ್ಕೇ ಕಂಟ್ರೋಲರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಯೋಧೆಯನ್ನು ನಡೆಸುವ ಕಡ್ಡಿಗಳನ್ನು ಎಡಗೈಯಲ್ಲಿ ಆಡಿಸುತ್ತಿದ್ದಳು, ಕಿರುಬೆರಳಲ್ಲಿ ಕತ್ತಿ ಬೀಸುತ್ತಿದ್ದಳು. ಗುರಾಣಿ ಎತ್ತಲು ಅಮ್ಮನ ಹೊಲಿಗೆ ಯಂತ್ರದ ಪೆಡಲನ್ನು ತಾನೇ ಕಂಟ್ರೋಲರಿನ ತಂತಿಗೆ ಬೆಸುಗೆ ಹಾಕಿ ಕಾಲಡಿಗೆ ಇಟ್ಟುಕೊಂಡಿದ್ದಳು. ಪೆಡಲ್ ಒತ್ತಿದಷ್ಟು ಹೊತ್ತೂ ಗುರಾಣಿ ಎದ್ದಿರುತ್ತದೆ.

ಅವರು ಆಡುತ್ತಿದ್ದದ್ದು ಒಂದೇ ಜೀವದ ಪಂದ್ಯ. ಸತ್ತರೆ ಸತ್ತ ಹಾಗೇ, ಮತ್ತೆ ಅ ಆ ಇ ಈ. ವರ್ಷಕ್ಕೊಮ್ಮೆ ನಲವತ್ತು ದಿನ ನಡೆಯುತ್ತದೆ. ಪ್ರತಿ ಊರಿನಿಂದ ಮೊದಲು ಮುಗಿಸಿದವರ ಯೋಧನ ಹೆಸರನ್ನು ಆಟದೊಳಗಿನ ರಾಜಧಾನಿಯ ಹೆಬ್ಬಾಗಿಲಲ್ಲಿ ಕಲ್ಲಿಗೆ ಕೆತ್ತುತ್ತಾರೆ. ಲಕ್ಷಾಂತರ ಆಟಗಾರರು ದಿನವೂ ಅದರ ಕೆಳಗೇ ಹಾದುಹೋಗುತ್ತಾರೆ. ಒಂದೂರಿಗೆ ವರ್ಷಕ್ಕೆ ಒಂದೇ ಕಲ್ಲು. ಹೋದ ವರ್ಷದ ಇಲೊಯಿಲೊ ಕಲ್ಲಿನ ಮೇಲಿರುವುದು ರೊಡೆಲ್‌ನ ಯೋಧನ ಹೆಸರು. ಅದು ಕಾಮೋಟ್ ಎಂದಿರಬೇಕಿತ್ತು.

ಕದ್ದ ಬಗೆ ಹೀಗೆ. ಹೋದ ವರ್ಷ ನೀಸಾ ಎಲ್ಲರಿಗಿಂತ ಮೊದಲು ರಾಣಿಯ ಮುಂದೆ ನಿಂತಿದ್ದಳು. ರಾಣಿ ಮೂರು ಸಲ ಚೀರುತ್ತಾಳೆ. ಮೂರನೆಯ ಚೀರಿಗೆ ಗುರಾಣಿ ಎತ್ತಿಯೇ ಇರಬೇಕು, ಒಂದು ಕ್ಷಣ ಇಳಿದರೂ ಬೂದಿ. ಆ ಆಟಕ್ಕೊಂದು ಕೆಟ್ಟ ಚಾಳಿ ಇತ್ತು. ಕೈಯಲ್ಲಿ ಕಂಟ್ರೋಲರ್ ಇದ್ದಾಗಲೂ ಮೇಜಿನ ಮೇಲಿನ ಮೌಸ್ ಕೂದಲೆಳೆಯಷ್ಟು ಅಲುಗಿದರೆ ಸಾಕು, ಆಟಗಾರ ಮೌಸಿಗೆ ಬದಲಾಯಿಸಿದ ಎಂದುಕೊಂಡು ಕಂಟ್ರೋಲರ್ ಹಿಡಿದಿದ್ದನ್ನೆಲ್ಲ ಕೈಬಿಡುತ್ತಿತ್ತು. ಪರದೆಯ ಮೇಲೆ ಪುಟ್ಟ ಬಿಳಿ ಬಾಣವೊಂದು ಮೂಡಿ ಮಾಯವಾಗುತ್ತಿತ್ತು, ಅಷ್ಟೆ. ಬೇರೆಯವರು ಗಮನಿಸಿಯೂ ಇರಲಿಲ್ಲ. ರೊಡೆಲ್ ಗಮನಿಸಿದ್ದ. ಮೂರನೆಯ ಚೀರಿನ ಹೊತ್ತಿಗೆ ಸರಿಯಾಗಿ ಅವಳ ಬಲಕ್ಕೆ ಬಂದು ನಿಂತ, ಕೈ ಚಾಚಿದ, ಮೌಸನ್ನು ಎರಡು ಅಂಗುಲ ಸರಿಸಿದ. ನೀಸಾ ಆ ಬಾಣವನ್ನು ನೋಡಿದಳು. ಕಾಲು ಪೆಡಲ್ ಮೇಲೇ ಇತ್ತು. ಗುರಾಣಿ ಬಿತ್ತು.

"ಇರುವೆ ಹರೀತಿತ್ತು ಕಣೆ, ಓಡಿಸಿದೆ," ಎಂದ. ಅವಳು ಕಿರುಚಾಡಿದಾಗ ನಕ್ಕ. "ಮೌಸ್ ಮುಟ್ಟಿದ್ರೆ ಯಾರಾದ್ರೂ ಸಾಯ್ತಾರಾ? ಆಟ ಅಂದ್ಮೇಲೆ ಸಾಯ್ತಾರಪ್ಪ. ಅದಕ್ಕೆಲ್ಲ ಅಳ್ತಾರಾ?"

ಎಲ್ಲರೂ ಅವನ ಮಾತಿಗೇ ತಲೆಯಾಡಿಸಿದರು. "ಬಿಡು ಇಂದಾಯ್, ಬಿಡು ಮಗಳೇ, ಸೋತಾಗ ಹೀಗೆಲ್ಲ ಅನ್ಸತ್ತೆ," ಎಂದು ನಾಂಗ್ ಪಾಸಿಂಗ್ ಕೂಡ ಒಂದು ಬಟ್ಟಲು ಬಾಚೊಯ್ ಕೊಟ್ಟು ಸಮಾಧಾನ ಮಾಡಿದಳು. ಸೋತದ್ದಕ್ಕಿಂತ ಆ ಬಟ್ಟಲು ಹೆಚ್ಚು ಉರಿಸಿತು. ಮೂರು ದಿನ ಬಿಟ್ಟು ರೊಡೆಲ್ ರಾಣಿಯನ್ನು ಕೊಂದು ಕಲ್ಲಿಗೇರಿದ.

ನೀಸಾ ಅತ್ತು ಕೂರಲಿಲ್ಲ. ಆಟ ಮಾಡಿದ ಕಂಪನಿಗೆ ಎಡಗೈಯಲ್ಲಿ ಕುಟ್ಟಿ ಕುಟ್ಟಿ ಹನ್ನೊಂದು ಪತ್ರ ಬರೆದಳು, ಬಾಣ ಮೂಡುವ ವಿಡಿಯೋ ಕಳಿಸಿದಳು. ಹತ್ತಕ್ಕೆ ಉತ್ತರ ಬರಲಿಲ್ಲ. ಹನ್ನೊಂದನೆಯದಕ್ಕೆ ಒಂದು ಸಾಲಿನ ಥ್ಯಾಂಕ್ಸ್ ಬಂತು. ಈ ವರ್ಷದ ಪಂದ್ಯ ಶುರುವಾದ ದಿನ ತೆರೆದು ನೋಡಿದರೆ, ಅಂಗವಿಕಲರಿಗೆಂದು ಇಟ್ಟಿರುವ ಅನುಕೂಲಗಳ ಪುಟದಲ್ಲಿ ಮೂರನೆಯ ಸಾಲು ಹೊಸದು: ಕಂಟ್ರೋಲರ್ ಮಾತು ಮಾತ್ರ ಕೇಳು. ಪಕ್ಕದ ಚೌಕಕ್ಕೆ ಗುರುತು ಹಾಕಿದರೆ ಮೌಸ್ ಕುಣಿದು ಕುಪ್ಪಳಿಸಿದರೂ ಆಟ ಕ್ಯಾರೇ ಅನ್ನುವುದಿಲ್ಲ. ಅವಳು ಗುರುತು ಹಾಕಿದಳು, ಬಾಯಿಗೆ ಬೀಗ ಹಾಕಿಕೊಂಡಳು. ರೊಡೆಲ್ ಆ ಪುಟದತ್ತ ತಲೆ ಹಾಕಿಯೂ ಮಲಗುವವನಲ್ಲ. "ಕುಂಟರ ವಾರ್ಡು" ಎಂದು ಅದಕ್ಕೆ ಹೆಸರಿಟ್ಟವನೇ ಅವನು.

ದೇವರು ಒಮ್ಮೊಮ್ಮೆ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಾನೆ. ಪಂದ್ಯದ ಮೊದಲ ವಾರ ರೊಡೆಲ್ ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಮೌಸ್ ಹಿಡಿಯುವ ಹಾಗಿಲ್ಲ. ನೀಸಾಳ ಮೇಜಿಗೇ ಬಂದ.

"ನಿನ್ನ ಆಟಿಕೆ ಒಂದು ಕೊಡೆ. ಮಕ್ಕಳ ಸಾಮಾನಲ್ಲೇ ಆಡಿ ತೋರಿಸ್ತೀನಿ."

ಅವಳು ಇದ್ದುದರಲ್ಲೇ ಒಳ್ಳೆಯ ಕಂಟ್ರೋಲರ್ ಆರಿಸಿದಳು. ಹೆಬ್ಬೆರಳಿಗೆ ಶ್ರಮವಾಗದಂತೆ ಗುಂಡಿಗಳನ್ನು ಬದಲಾಯಿಸಿ, ತೊಡೆಯ ಮೇಲೆ ಹೇಗಿಟ್ಟುಕೊಳ್ಳಬೇಕೆಂದು ತೋರಿಸಿಕೊಟ್ಟಳು. ದಿನವೂ ಬಂದು ಕೂರುವ, ಟ್ರೈಸಿಕಲ್ ಎಂಬ ಬಾಡಿಗೆ ಬಂಡಿ ಓಡಿಸುವ ನೊಂಗ್ ಡಾಡೊಂಗ್, ಅಂದರೆ ಡಾಡೊಂಗ್ ಅಣ್ಣ, "ಎಂಥಾ ದೊಡ್ಡ ಮನಸ್ಸು ನಿಂದು," ಎಂದ. ದೊಡ್ಡ ಮನಸ್ಸೂ ಇಲ್ಲ, ಸಣ್ಣ ಮನಸ್ಸೂ ಇಲ್ಲ. ಅವನು ರಾಣಿಯವರೆಗೆ ಬದುಕಿ ಬರಬೇಕಿತ್ತು. ದಾರಿಯಲ್ಲೇ ಯಾವುದೋ ಹಂದಿ ತಿವಿದು ಸತ್ತರೆ ಅವಳಿಗೇನು ಸಿಕ್ಕ ಹಾಗಾಯಿತು? ಅದೇ ರಾಣಿ, ಅದೇ ಚೀರು, ಅದೇ ಎರಡು ಅಂಗುಲ. ವರ್ಷವಿಡೀ ಅವಳು ಅನ್ನದ ಜೊತೆ ಅದನ್ನೇ ಜಗಿದಿದ್ದಳು.

ಇದರಲ್ಲಿ ಅಪಾಯವಿರಲಿಲ್ಲವೆಂದಲ್ಲ. ತಾನು ಬಾಗಿಲಲ್ಲೇ ನಿಂತು, ಅವನು ಒಳಗೆ ಹೋಗಿ ಗೆದ್ದುಬಿಟ್ಟರೆ ಈ ವರ್ಷದ ಕಲ್ಲೂ ಅವನದೇ. ಗೊತ್ತಿದ್ದೇ ನಿಂತಳು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರಿಂದ ಅಂಗಡಿ ತುಂಬಿತ್ತು. ರೊಡೆಲ್ ಕುರ್ಚಿ ಎಳೆದು ಕೂತು, ಅಂಗಿಯ ತೋಳು ಮಡಚಿ, "ಬನ್ನಿ, ಎರಡನೇ ಕಲ್ಲು ನೋಡೋರೆಲ್ಲ ಬನ್ನಿ," ಎಂದು ಕರೆದ. ಆಟದಲ್ಲಿ ರಾಣಿಯ ಬಾಗಿಲು ನೂಕಿ ಒಳಗೆ ಹೋದ. ಎಲ್ಲರೂ ಅವನ ಬೆನ್ನ ಹಿಂದೆ ಗುಂಪುಗೂಡಿದರು. ನೀಸಾ ಬಲಗಡೆಯ ಕುರ್ಚಿಯಲ್ಲಿ ಬಂದು ಕೂತಳು. ಕೂತವಳು ತನ್ನ ಎರಡು ಬೆರಳಿನ ಕೈಯನ್ನು ಅವನ ಮೌಸಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು.

ಅವನು ಚೆನ್ನಾಗಿಯೇ ಆಡುತ್ತಿದ್ದ, ಸುಳ್ಳೇಕೆ ಹೇಳಬೇಕು. ಮೊದಲ ಚೀರನ್ನು ತಡೆದ, ಜನ ಚಪ್ಪಾಳೆ ತಟ್ಟಿದರು. ಎರಡನೆಯದನ್ನೂ ತಡೆದ. ಆಗ ಅವನ ಕಣ್ಣು ಒಮ್ಮೆ ಬಲಕ್ಕೆ ಹೊರಳಿತು. ಕೈ ನೋಡಿದ. ಮೌಸ್ ನೋಡಿದ. ಅವಳ ಮುಖ ನೋಡಿದ.

"ಕೈ ತೆಗಿಯೆ," ಎಂದ ಹಲ್ಲು ಕಚ್ಚಿ.

"ಯಾಕೆ? ಸುಮ್ನೆ ಇಟ್ಕೊಂಡಿದೀನಿ."

"ತೆಗಿ ಅಂದ್ನಲ್ಲ!"

ರಾಣಿ ಬಾಯಿ ತೆರೆದಳು. ಮೌಸ್ ಸರಿಸಲೇಬೇಕೆಂದು ನೀಸಾ ನಿಶ್ಚಯಿಸಿಕೊಂಡೇ ಬಂದಿದ್ದಳು. ಕಿರುಬೆರಳು ಹೊರಟಿತ್ತು ಕೂಡ. ಅದು ತಲುಪುವ ಮೊದಲೇ ರೊಡೆಲ್ ಪಟ್ಟಿ ಕಟ್ಟಿದ ಕೈಯಿಂದಲೇ ತಟ್ಟನೆ ಮೌಸನ್ನು ಬಾಚಿ ಎದೆಗವಚಿಕೊಂಡ.

ಪರದೆಯ ಮೇಲೆ ಪುಟ್ಟ ಬಿಳಿ ಬಾಣ ಮೂಡಿತು. ಗುರಾಣಿ ಬಿತ್ತು. ಮೂವತ್ತೆಂಟು ದಿನದ ಯೋಧ ಬೂದಿಯಾಗಿ ಉಪ್ಪಿನ ನೆಲದ ಮೇಲೆ ಚೆಲ್ಲಿದ.

ನೀಸಾಳಿಗೆ ಮೊದಲು ಅನಿಸಿದ್ದು ನಿರಾಸೆ. ವರ್ಷವಿಡೀ ಹರಿತ ಮಾಡಿಟ್ಟುಕೊಂಡ ಬೆರಳು ಹಾಗೇ ಉಳಿದುಹೋಯಿತು. ಆಮೇಲೆ ಅವನು ಬಾಯಿ ಬಿಟ್ಟ.

"ಇವಳು! ಇವಳು ಮೌಸ್ ಮುಟ್ಟಿ ಸಾಯಿಸಿದ್ಲು!"

"ಅವಳ ಕೈ ಮೇಜಿನ ಮೇಲೇ ಇದೆಯಲ್ಲೋ," ಎಂದ ನೊಂಗ್ ಡಾಡೊಂಗ್. "ಮೌಸ್ ತಬ್ಕೊಂಡು ಕೂತಿರೋದು ನೀನು."

"ಮುಟ್ಟೋಕೆ ಬಂದ್ಲು ನೊಂಗ್! ಮೂರನೇ ಚೀರಲ್ಲಿ ಮೌಸ್ ಅಲ್ಲಾಡಿದ್ರೆ ಗುರಾಣಿ ಬೀಳತ್ತೆ, ಅದು ಗೊತ್ತಿದ್ದೇ..."

ಅಲ್ಲಿಗೆ ಅವನು ಎದೆಗವಚಿದ್ದ ಮೌಸನ್ನು ಮೇಜಿನ ಮೇಲೆ ಕೈಬಿಟ್ಟ. ನಾಂಗ್ ಪಾಸಿಂಗ್ ಸಾರಿನ ಸೌಟು ಹಿಡಿದೇ ಗುಂಪನ್ನು ಸೀಳಿಕೊಂಡು ಬಂದಳು.

"ಗೊತ್ತಿದ್ದೇ? ಹೋದ ವರ್ಷ ಇರುವೆ ಅಂದಿದ್ದೆಯಲ್ಲೋ, ಮುಂಡೇದೆ. ಈಗ ಎಲ್ಲಿ ಹೋಯ್ತು ನಿನ್ನ ಇರುವೆ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ರೊಡೆಲ್ ಎದ್ದು ಬಾಗಿಲ ಕಡೆ ಹೊರಟ. ನೊಂಗ್ ಡಾಡೊಂಗ್ ಅವನ ಹೆಗಲ ಮೇಲೆ ಕೈಯಿಟ್ಟ. ಟ್ರೈಸಿಕಲ್ ಓಡಿಸಿ ಓಡಿಸಿ ಗಟ್ಟಿಯಾದ ಕೈ ಅದು.

"ಕೂರಿಸಿ ನೊಂಗ್, ನನ್ನ ಪಕ್ಕ," ಎಂದಳು ನೀಸಾ. ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕಂಟ್ರೋಲರ್ ಮಲಗಿಸಿದಳು, ಪೆಡಲನ್ನು ಕಾಲಿನಿಂದ ಹತ್ತಿರಕ್ಕೆಳೆದಳು. ಪಕ್ಕದಲ್ಲಿ ಕುಕ್ಕರಿಸಿದ ರೊಡೆಲ್‌ನ ಎಡಗೈ ಎಳೆದು ತನ್ನ ಮೌಸಿನ ಮೇಲಿಟ್ಟಳು. "ಹಿಡ್ಕೊ. ಇರುವೆ ಬಂದ್ರೆ ಓಡಿಸು."

"ಹುಚ್ಚು ಹಿಡಿದಿದೆಯೇನೇ ನಿಂಗೆ?" ಎಂದು ನಾಂಗ್ ಪಾಸಿಂಗ್ ಕೂಗಿದಳು. "ಅವನ ಕೈಗೇ ಕೊಡ್ತೀಯಲ್ಲ!"

"ಕೊಡ್ತೀನಿ ನಾಂಗ್. ಮೌಸ್ ಮುಟ್ಟಿದ್ರೆ ಯಾರಾದ್ರೂ ಸಾಯ್ತಾರಾ?"

ಕಾಮೋಟ್ ಬಾಗಿಲು ನೂಕಿದಳು. ಮೊದಲ ಚೀರು, ಗುರಾಣಿ. ಎರಡನೆಯದು, ಗುರಾಣಿ. ನೀಸಾಳ ಪಾದ ಬೆವರಿ ಪೆಡಲಿಗೆ ಅಂಟಿತ್ತು. ತಾನು ಗುರುತು ಹಾಕಿದ ಆ ಮೂರನೆಯ ಸಾಲಿನ ಮೇಲೆ ಅವಳಿಗೆ ನಂಬಿಕೆಯಿತ್ತು. ಆದರೂ ಆ ಬಿಳಿ ಬಾಣಕ್ಕಾಗಿ ಪರದೆಯ ಮೂಲೆ ಮೂಲೆ ಹುಡುಕುತ್ತಿದ್ದಳು. ರಾಣಿ ಮೂರನೆಯ ಸಲ ಬಾಯಿ ತೆರೆದಳು.

ರೊಡೆಲ್ ಮೌಸ್ ಎಳೆದ. ಅಷ್ಟು ಜನ ನೋಡುತ್ತಿದ್ದಾರೆ, ಈಗಷ್ಟೇ ಮಾನ ಹೋಗಿದೆ, ಆದರೂ ಎಳೆದ. ಮೇಜಿನ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ.

ಬಾಣ ಮೂಡಲಿಲ್ಲ. ಗುರಾಣಿ ಎದ್ದೇ ಇತ್ತು. ನೀಸಾಳ ಕಿರುಬೆರಳು ಮೂರು ಸಲ ಗುಂಡಿ ಒತ್ತಿತು, ಉಪ್ಪಿನ ರಾಣಿ ಗೋಡೆ ಕುಸಿದಂತೆ ಕುಸಿದಳು. ಅಂಗಡಿಯ ತಗಡು ಹಾರಿಹೋಗುವಷ್ಟು ಕೂಗು ಎದ್ದಿತು.

ರೊಡೆಲ್ ಇನ್ನೂ ಮೌಸ್ ಅಲ್ಲಾಡಿಸುತ್ತಿದ್ದ. "ಹೆಂಗೆ? ಏನು ಮಾಡ್ದೆ ನೀನು?"

"ನಾನೇನು ಮಾಡ್ಲಿಲ್ಲ. ನಿನ್ನ ಆಟದಲ್ಲೂ ಇತ್ತು. ಕುಂಟರ ವಾರ್ಡಲ್ಲಿ, ಮೂರನೇ ಸಾಲು."

"ಕಂಟ್ರೋಲರ್ ಕೊಟ್ಟಾಗ ಹೇಳ್ಬಹುದಿತ್ತಲ್ಲ!" ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು.

"ಆಟ ಅಂದ್ಮೇಲೆ ಸಾಯ್ತಾರಪ್ಪ," ಎಂದಳು ನೀಸಾ. "ಅದಕ್ಕೆಲ್ಲ ಅಳ್ತಾರಾ?"

ಪರದೆಯ ಮೇಲೆ ರಾಜಧಾನಿಯ ಹೆಬ್ಬಾಗಿಲು ಬಂತು. ಇಲೊಯಿಲೊದ ಹಳೆಯ ಕಲ್ಲಿನ ಪಕ್ಕ ಹೊಸ ಕಲ್ಲೊಂದು ಜಾರಿ ಕೂತು, ಕಾಣದ ಉಳಿ ಒಂದೊಂದೇ ಅಕ್ಷರ ಕೆತ್ತತೊಡಗಿತು. ಅವಳು ಪೆಡಲಿನಿಂದ ಕಾಲು ತೆಗೆದು, ರೊಡೆಲ್‌ನ ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿದಳು.

"ಓದು."

ಅವನು ತುಟಿಯಲ್ಲೇ ಏನೋ ಗೊಣಗಿದ.

"ಜೋರಾಗಿ ಓದು," ಎಂದಳು. "ನಾಂಗ್ ಪಾಸಿಂಗ್‌ಗೆ ಕೇಳಿಸ್ಲಿಲ್ಲ."