ಫ್ರೀಜರಿನ ಮೇಲಿನ ಖಾನೆ

ರೋಗಿಗಳಿಗೆ ಅಸ್ಥಿಮಜ್ಜೆ ಹೊಂದುವ ದಾನಿಗಳನ್ನು ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು ಪ್ರತಿ ಸಲವೂ ನನ್ನ ರಕ್ತವನ್ನೂ ಜೊತೆಗಿಟ್ಟು ಪರೀಕ್ಷಿಸುತ್ತೇವೆ. ಹದಿನಾಲ್ಕು ವರ್ಷದಿಂದ ಫ್ರೀಜರಿನ ಮೇಲಿನ ಖಾನೆ ನನ್ನ ಟ್ಯೂಬುಗಳದ್ದೇ. ಅವುಗಳ ಫಲಿತಾಂಶ ನನಗೆ ಬಾಯಿಪಾಠ.

ಸೋಮವಾರ ಏಳು ವರ್ಷದ ರೋಗಿಯೊಬ್ಬಳ ಫಲಿತಾಂಶವೂ ಅಕ್ಷರಶಃ ಅದೇ ಬಂತು.

“ನನ್ನ ರಕ್ತಾನ ಅವಳ ಟ್ಯೂಬಿಗೆ ಬೆರೆಸಿದ್ದೀಯಲ್ಲೇ! ಕಣ್ಣೆಲ್ಲಿಟ್ಟಿದ್ದೆ?” ಎಂದು ಜೊತೆ ಕೆಲಸದವಳ ಮೇಲೆ ಹರಿಹಾಯ್ದೆ.

ಅವಳು ಮತ್ತೆ ಮಾಡಿದಳು, ಅದೇ ಬಂತು. ಮಗುವಿನ ಹೊಸ ರಕ್ತ ತರಿಸಿ, ಸೊಂಟ ಬಿದ್ದುಹೋಗುವವರೆಗೆ ನಿಂತು, ಗುರುವಾರ ನಾನೇ ಮಾಡಿದೆ. ಮತ್ತೆ ಅದೇ.

“ಅಕ್ಕಾ,” ಎಂದಳು ಅವಳು, “ಬೆರಕೆ ಆಗಿಲ್ಲ. ನಾವು ದಿನಾ ಹುಡುಕೋದು ಇದನ್ನೇ ಅಲ್ವಾ?”

ದಾನಿಗಳ ಪಟ್ಟಿಯಲ್ಲಿ ಆ ಮಗುವಿಗೆ ಹೊಂದುವವರು ಯಾರೂ ಸಿಕ್ಕಿರಲಿಲ್ಲ. ದಾನಿಗಳಾಗಿ ಎಂದು ಊರಿಗೆಲ್ಲ ಫಾರಂ ಹಂಚಿದ ನಾನು ನನ್ನದೊಂದನ್ನು ತುಂಬಿರಲೇ ಇಲ್ಲ.

ಡ್ರಾಯರಿನಿಂದ ಒಂದು ಫಾರಂ ತೆಗೆದು ಬರೆಯತೊಡಗಿದೆ. ‘ದಾನಿಯಾಗಬಹುದೆಂದು ನಿಮಗೆ ಹೇಗೆ ತಿಳಿಯಿತು?’ ಎಂಬುದು ಕೊನೆಯ ಪ್ರಶ್ನೆ.

‘ತಡವಾಗಿ’ ಎಂದು ಬರೆದೆ.